ಆಪಾ ಹುಡುಕಿದ ಇಪ್ಪತ್ತನಾಲ್ಕು ಡಬ್ಬಗಳು

ಆಪಾ ಅವರ ಬಲಗೈಯ ಮೂರು ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಬೆಸುಗೆಯ ಬಿಸಿ ಸೀಸ ಮುಟ್ಟಿ ಮುಟ್ಟಿ ಅಲ್ಲಿನ ಚರ್ಮ ಹುಣಸೆಬೀಜದ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಗರುಡಾಚಾರ್‌ಪಾಳ್ಯದ ನಮ್ಮ ಯೂನಿಟ್ಟಿನ ಬಾಗಿಲಲ್ಲಿದ್ದ ಹಾಜರಿ ಯಂತ್ರಕ್ಕೆ ಆ ಬೆರಳುಗಳು ಯಾರವೆಂದು ಗೊತ್ತೇ ಆಗುತ್ತಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಅದು ಕೆಂಪು ದೀಪ ತೋರಿಸಿ ಅವರನ್ನು ತಡೆಯುತ್ತಿತ್ತು. "ನಾನೇ ಕಣಪ್ಪಾ, ನೆನ್ನೆನೂ ಬಂದಿದ್ನಲ್ಲ" ಎಂದು ಆಪಾ ಅದಕ್ಕೆ ಸಮಾಧಾನ ಹೇಳಿ, ಎಡಗೈಯ ಕಿರುಬೆರಳು ಒತ್ತಿ ಒಳಗೆ ಬರುತ್ತಿದ್ದರು.

ಆಪಾ ಎಂದರೆ ಅವರ ಮನೆಮಾತಾದ ದಖ್ಖನಿಯಲ್ಲಿ ಅಕ್ಕ. ಯೂನಿಟ್ಟಿನ ಹದಿನೆಂಟು ಜನರಿಗೂ ಅವರು ಆಪಾ. ಮಾಲೀಕರು ಮಾತ್ರ ಮೇಡಂ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಲಿಂಗರಾಜಪುರದಲ್ಲಿ ತಂಗಿಯ ಸಂಸಾರದ ಜೊತೆ ಇದ್ದರು. ತಂದೆ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಎದುರು ಸಾಲಿನಲ್ಲಿ ಮಾಂಸದ ಅಂಗಡಿಗಳಿದ್ದವಂತೆ. "ಎರಡೂ ಕಡೆ ಹೊಟ್ಟೆ ಬಿಚ್ಚೋದೇ ಕೆಲ್ಸ, ಮಾ. ನಮ್ಮಪ್ಪ ಬಿಚ್ಚಿದ್ದು ಮಾತ್ರ ಮತ್ತೆ ಮಾತಾಡೋದು" ಎಂದು ಒಮ್ಮೆ ಹೇಳಿದ್ದರು.

ನಾನು ಹಲಸೂರಿನವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬೇರೆ ಕಡೆ ನಾಲ್ಕು ವರ್ಷ ದುಡಿದು ಆ ಯೂನಿಟ್ಟಿಗೆ ಸೇರಿದಾಗ ನನಗೆ ಇಪ್ಪತ್ತಾರು. ಅಲ್ಲಿ ಅಮೋನಿಯಾ ಸೋರಿಕೆಯ ಅಲಾರಂ ಡಬ್ಬಗಳು ತಯಾರಾಗುತ್ತಿದ್ದವು. ಐಸ್ ಫ್ಯಾಕ್ಟರಿ, ಹಣ್ಣು-ಮೀನು ಇಡುವ ಕೋಲ್ಡ್ ಸ್ಟೋರೇಜು, ಇಂಥ ಕಡೆ ಪೈಪುಗಳಲ್ಲಿ ಅಮೋನಿಯಾ ಓಡುತ್ತದೆ. ಅದು ಸೋರಿದರೆ ಮೊದಲು ಕಣ್ಣು, ಆಮೇಲೆ ಉಸಿರು ಹೋಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಏರಿದ ತಕ್ಷಣ ನಮ್ಮ ಡಬ್ಬ ಸೈರನ್ ಹೊಡೆಯಬೇಕು. ಡಬ್ಬದೊಳಗೆ ಅಂಗೈಯಗಲದ ಒಂದು ಬೋರ್ಡು, ಆ ಬೋರ್ಡನ್ನು ನಡೆಸುವ ಮೂಲ ತಂತ್ರಾಂಶ ಲಿನಕ್ಸ್. ಬೋರ್ಡಿಗೆ ಲಿನಕ್ಸ್ ಹಾಕಿ ಅದನ್ನು ಎಬ್ಬಿಸುವ ಕೆಲಸ ಆಪಾ ಅವರದು. ಅವರ ಕೈಕೆಳಗೆ ನಾನು.

ಆಪಾ ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತುತ್ತಿದ್ದರು. ನಾನು ಹಲಸೂರಿನಲ್ಲೇ ಹತ್ತಿ ಎರಡನೇ ಬೋಗಿಯಲ್ಲಿ ಅವರಿಗೊಂದು ಜಾಗ ಹಿಡಿದಿಡುತ್ತಿದ್ದೆ. ರೈಲಿನಲ್ಲಿ ಅವರು ಮಾತಾಡಿದ್ದಕ್ಕಿಂತ ಓದಿದ್ದೇ ಹೆಚ್ಚು. ಹಿಂದಿನ ದಿನ ಎದ್ದ ಬೋರ್ಡಿನ ಸಾಲುಗಳನ್ನು ಕಾಗದದ ಮೇಲೆ ಮುದ್ರಿಸಿ ತಂದಿರುತ್ತಿದ್ದರು. ಬೋರ್ಡಿಗೆ ಕರೆಂಟು ಕೊಟ್ಟಾಗ ಅದು ಒಂದೊಂದೇ ಅಂಗವನ್ನು ಗುರುತಿಸುತ್ತ, ನೆನಪು ಇಷ್ಟಿದೆ, ಗಡಿಯಾರ ಸಿಕ್ಕಿತು, ಸೆನ್ಸರ್ ಸಿಕ್ಕಿತು ಎಂದು ಸಾಲು ಸಾಲಾಗಿ ಹೇಳುತ್ತ ಎದ್ದೇಳುತ್ತದೆ. ಮುನ್ನೂರು ಸಾಲಿರಬಹುದು. ಉಳಿದವರು ಕೊನೆಯ ಸಾಲು ಬಂತೇ ಎಂದು ಮಾತ್ರ ನೋಡುತ್ತಾರೆ. ಆಪಾ ಪೆನ್ಸಿಲ್ ಹಿಡಿದು ಮೊದಲಿಂದ ಓದುತ್ತಿದ್ದರು.

"ಎದ್ದೇಳ್ತಾ ಅದು ಏನೇನ್ ಹೇಳುತ್ತೋ ಎಲ್ಲಾ ಕೇಳ್ಬೇಕು. ಎದ್ದ ಮೇಲೆ ಅದಕ್ಕೆ ಪುರುಸೊತ್ತಿರಲ್ಲ" ಎನ್ನುತ್ತಿದ್ದರು.

ಅವರ ಪಾಠವೆಲ್ಲ ಕೈಯಲ್ಲೇ. ಬೋರ್ಡಿನ ಜೊತೆ ಮಾತಾಡಲು ಮೂರು ತಂತಿ ಬೇಕು, ಒಂದು ಅರ್ತಿಂಗ್‌ಗೆ, ಒಂದು ಹೇಳಲು, ಒಂದು ಕೇಳಲು. "ಮೊದ್ಲು ನೆಲ ಕೊಡು. ಕಾಲಿಡೋಕೆ ಜಾಗ ಇಲ್ದೇ ಯಾರು ಮಾತಾಡ್ತಾರೆ? ಆಮೇಲೆ ನಿನ್ ಬಾಯಿ ಅದರ ಕಿವಿಗೆ, ಅದರ ಬಾಯಿ ನಿನ್ ಕಿವಿಗೆ." ನಾನು ಮೊದಲ ವಾರ ಬಾಯಿಗೆ ಬಾಯಿ ಜೋಡಿಸಿ ಗಂಟೆಗಟ್ಟಲೆ ಲ್ಯಾಪ್‌ಟಾಪಿನ ಕಪ್ಪು ಪರದೆ ನೋಡುತ್ತ ಕುಳಿತಿದ್ದುಂಟು. ಆಮೇಲೆ ಮೆಮರಿ ಕಾರ್ಡು ಸಿಕ್ಕಿಸಿ, ಕರೆಂಟು ಕೊಟ್ಟ ಮೂರು ಸೆಕೆಂಡಿನೊಳಗೆ ಕೀಬೋರ್ಡಿನ ಒಂದು ಕೀಲಿ ಒತ್ತಿ ಅದನ್ನು ತಡೆಯಬೇಕು. ಕಾರ್ಡಿನಲ್ಲಿದ್ದುದನ್ನು ಬೋರ್ಡಿನೊಳಗಿನ ನೆನಪಿಗೆ ಬರೆಸಬೇಕು. ಬರೆದದ್ದನ್ನು ಮತ್ತೆ ಓದಿಸಿ ತಾಳೆ ನೋಡಬೇಕು. ಓದಿಸುವುದನ್ನು ನಾನು ಒಮ್ಮೆ ಬಿಟ್ಟಿದ್ದಕ್ಕೆ ಆಪಾ ಬೈಯಲಿಲ್ಲ. ಆ ಬೋರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು, ಎಲ್ಲವನ್ನೂ ಅಳಿಸಿ, ಖಾಲಿ ಮಾಡಿ ವಾಪಸು ಕೊಟ್ಟರು.

ಅವರು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡಿದ್ದು ಬೋರ್ಡಿನೊಳಗಿನ ಒಂದು ಪುಟ್ಟ ಗಡಿಯಾರವನ್ನು. ಈ ಕೆಲಸದವರು ಅದನ್ನು ವಾಚ್‌ಡಾಗ್ ಎನ್ನುತ್ತಾರೆ. ಆಪಾ ವಾಚ್‌ಮನ್ ಎನ್ನುತ್ತಿದ್ದರು. ನಮ್ಮ ಪ್ರೋಗ್ರಾಂ ನಿಮಿಷಕ್ಕೊಮ್ಮೆ ಆ ಗಡಿಯಾರವನ್ನು ತಟ್ಟುತ್ತಿರಬೇಕು. ತಟ್ಟದಿದ್ದರೆ ಪ್ರೋಗ್ರಾಂ ಎಲ್ಲೋ ಸಿಕ್ಕಿಕೊಂಡಿದೆ ಎಂದು ತಿಳಿದು ಗಡಿಯಾರವೇ ಇಡೀ ಬೋರ್ಡನ್ನು ಆರಿಸಿ ಹೊಸದಾಗಿ ಎಬ್ಬಿಸುತ್ತದೆ. "ಎಂಥಾ ಪ್ರೋಗ್ರಾಂ ಆದ್ರೂ ಒಂದಿನ ನಿಂತ್ಕೊಳ್ಳುತ್ತೆ. ನಿಂತಾಗ ಎಬ್ಸೋಕೆ ಒಬ್ಬ ಇರ್ಬೇಕು" ಎನ್ನುತ್ತಿದ್ದರು. ಡಬ್ಬದ ಮುಖದ ಮೇಲಿದ್ದ ಹಸಿರು ದೀಪದ ಬಗ್ಗೆ ಅವರಿಗೆ ನಂಬಿಕೆ ಇರಲಿಲ್ಲ. ಅದು ನೇರವಾಗಿ ಕರೆಂಟಿಗೆ ಜೋಡಿಸಿದ್ದ ದೀಪ; ಒಳಗೆ ಬೋರ್ಡು ಸತ್ತಿದ್ದರೂ ಉರಿಯುತ್ತಲೇ ಇರುತ್ತಿತ್ತು. ಅದನ್ನು ಬದಲಾಯಿಸಿ ಎಂದು ಎರಡು ಸಲ ಬರೆದುಕೊಟ್ಟಿದ್ದರು. ಮಾಲೀಕರು ಮುಂದಿನ ಮಾದರಿಯಲ್ಲಿ ನೋಡೋಣ ಎಂದಿದ್ದರು.

ನಾನು ಸೇರಿ ಎರಡು ವರ್ಷವಾಗಿತ್ತು. ಆಪಾ ಕಣ್ಣಿನ ಪೊರೆ ತೆಗೆಸಲು ಮೂರು ವಾರ ರಜೆ ಹಾಕಿದರು. ಅವರು ಹೋದ ಮರುದಿನವೇ ಹೊಸ ಬೋರ್ಡುಗಳು ಬಂದವು, ಇಪ್ಪತ್ತನಾಲ್ಕು. ನೋಡಲು ಹಳೆಯವೇ, ಅಂಚಿನಲ್ಲಿ ಅಚ್ಚಾಗಿದ್ದ ಒಂದು ಅಕ್ಷರ ಮಾತ್ರ ಬೇರೆ. ನಮ್ಮ ಹಳೆಯ ಲಿನಕ್ಸನ್ನೇ ಹಾಕಿದೆ. ಮೊದಲನೆಯದು ಒಂದೇ ಏಟಿಗೆ ಎದ್ದಿತು. ಸಾಲುಗಳು ಪರದೆಯ ಮೇಲೆ ಓಡಿದವು. ನಡುವೆ ಎಲ್ಲೋ ಒಂದು ಸಾಲು ಬರಲಿಲ್ಲ ಎಂದು ನನಗೆ ಅನ್ನಿಸಿತು. ದಿನಾ ಹತ್ತುವ ಮೆಟ್ಟಿಲಲ್ಲಿ ಒಂದು ಇಲ್ಲದಾಗ ಕಾಲಿಗೆ ತಿಳಿಯುತ್ತದಲ್ಲ, ಹಾಗೆ. ಆಮೇಲೆ ನೋಡೋಣ ಎಂದುಕೊಂಡೆ.

ಅಷ್ಟರಲ್ಲಿ ಮಾಲೀಕರು ಬಂದು ನನ್ನ ಹಿಂದೆ ನಿಂತಿದ್ದರು. ಈ ಸಲದ ಡಬ್ಬಗಳಿಗೆ ಚಿಕ್ಕ ಪರದೆಯೂ ಇತ್ತು.

"ಏನಮ್ಮಾ ಇದು, ಆನ್ ಮಾಡಿದ್ ತಕ್ಷಣ ಪರದೆ ತುಂಬಾ ಏನೇನೋ ಓಡುತ್ತೆ? ಕಸ್ಟಮರ್ ಹೆದ್ರುಕೊಳ್ತಾರೆ. ನಮ್ ಲೋಗೋ ಮಾತ್ರ ಬರೋ ಹಾಗೆ ಮಾಡಕ್ಕಾಗುತ್ತಾ?"

"ಆಗುತ್ತೆ ಸಾರ್."

ಆಗುತ್ತಿತ್ತು. ಬೋರ್ಡಿಗೆ ಕೊಡುವ ಆಜ್ಞೆಯ ಸಾಲಿನಲ್ಲಿ 'ಕ್ವೈಟ್' ಎಂಬ ಒಂದೇ ಪದ ಸೇರಿಸಿದರೆ ಸಾಕು. ಸುಮ್ಮನಿರು ಎಂದರ್ಥ. ಆಮೇಲೆ ಅದು ಏನನ್ನೂ ಹೇಳದೆ ಎದ್ದೇಳುತ್ತದೆ. ಆಪಾ ಇದ್ದಾಗ ಆ ಪದವನ್ನು ಯಾರೂ ಬಳಸುತ್ತಿರಲಿಲ್ಲ. ನಾನು ಸೇರಿಸಿದೆ. ಪರದೆ ಸ್ವಚ್ಛವಾಯಿತು, ನಡುವೆ ಲೋಗೋ ಬಂತು. ಮಾಲೀಕರು "ಗುಡ್" ಎಂದರು. ಆ ಹೊಗಳಿಕೆ ನನಗೆ ಎಷ್ಟು ಹಿತವಾಗಿತ್ತು ಎಂಬುದನ್ನು ನಾನು ಮರೆಯಬಾರದು ಎಂದೇ ಇಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತನಾಲ್ಕು ಬೋರ್ಡುಗಳಿಗೂ ಹಾಗೆಯೇ ಬರೆಸಿದೆ. ಆ ವಾರವೇ ಡಬ್ಬಗಳು ಹೊರಟುಹೋದವು.

ಆಪಾ ಕಪ್ಪು ಕನ್ನಡಕ ಹಾಕಿಕೊಂಡು ವಾಪಸು ಬಂದರು. ಚೀಲ ಇಳಿಸುವ ಮೊದಲೇ ಕೇಳಿದರು, "ಹೊಸ ಬೋರ್ಡ್ ಬಂತಂತೆ. ಎದ್ದಿದ್ದರ ಪ್ರಿಂಟ್ ಎಲ್ಲಿ?"

"ಪ್ರಿಂಟ್ ಇಲ್ಲ ಆಪಾ. ಸಾರ್ ಹೇಳಿದ್ರು ಅಂತ... ಕ್ವೈಟ್ ಹಾಕ್ಬಿಟ್ಟೆ."

ಅವರು ಚೀಲ ಇಳಿಸಿ ನೇರ ಮೂಲೆಗೆ ಹೋದರು. ಅಲ್ಲಿ, ಆ ಇಪ್ಪತ್ತನಾಲ್ಕರ ಜೊತೆ ಪರೀಕ್ಷೆಗೆಂದು ಬಂದಿದ್ದ ಅದೇ ಜಾತಿಯ ಒಂದು ಬೋರ್ಡು ಉಳಿದಿತ್ತು. ಮೂರು ತಂತಿ ಜೋಡಿಸಿ, ನಾನು ಸೇರಿಸಿದ್ದ ಪದವನ್ನು ತೆಗೆದು ಎಬ್ಬಿಸಿದರು. ಮುದ್ರಿಸಿದ ಸಾಲುಗಳನ್ನು ಹಳೆಯದರ ಪಕ್ಕದಲ್ಲಿಟ್ಟು ಪೆನ್ಸಿಲ್ ಓಡಿಸಿದರು. ಪೆನ್ಸಿಲ್ ಒಂದು ಕಡೆ ನಿಂತಿತು. ಹಳೆಯದರಲ್ಲಿ ವಾಚ್‌ಡಾಗ್ ಸಿಕ್ಕಿದೆ ಎನ್ನುವ ಸಾಲು ಇತ್ತು. ಹೊಸದರಲ್ಲಿ ಇರಲಿಲ್ಲ. ಹೊಸ ಬೋರ್ಡಿನಲ್ಲಿ ಆ ಗಡಿಯಾರದ ಜಾಗ ಬದಲಾಗಿತ್ತು. ನಮ್ಮ ಹಳೆಯ ಲಿನಕ್ಸಿಗೆ ಅದು ಕಾಣುತ್ತಲೇ ಇರಲಿಲ್ಲ.

"ಇಪ್ಪತ್ನಾಲ್ಕು ಕಡೆ ವಾಚ್‌ಮನ್ ಇಲ್ಲ" ಎಂದರು ಆಪಾ. ಪೆನ್ಸಿಲ್ ಕೆಳಗಿಟ್ಟು, "ನಿನಗೆ ಗೊತ್ತಾಗಿತ್ತಾ?" ಎಂದು ಕೇಳಿದರು.

"ಒಂದು ಸಾಲು ಕಮ್ಮಿ ಅನ್ನಿಸ್ತು ಆಪಾ. ಆಮೇಲೆ ನೋಡೋಣ ಅಂತ..."

"ಹೌ" ಎಂದರು. ಹೂಂ ಎನ್ನುವುದಕ್ಕೆ ಅವರ ಮಾತು. ಅಷ್ಟೇ.

ಮಾಲೀಕರ ಕೋಣೆಯಲ್ಲಿ ಆಪಾ ದನಿ ಏರಿಸಿದ್ದನ್ನು ಅಂದೇ ಮೊದಲು ಕೇಳಿದೆ. ಎಲ್ಲ ಡಬ್ಬಗಳನ್ನೂ ವಾಪಸು ತರಿಸಿ ಎಂದು ಆಪಾ. ಸರ್ವೀಸ್ ಟೈಮಲ್ಲಿ ಸರಿ ಮಾಡೋಣ ಮೇಡಂ, ಈಗ ತರಿಸಿದರೆ ನಮ್ಮ ಹೆಸರು ಹಾಳಾಗುತ್ತೆ ಎಂದು ಮಾಲೀಕರು. ಆಪಾ ಹೊರಗೆ ಬಂದು ಡಿಸ್ಪ್ಯಾಚ್ ಮೇಜಿನಿಂದ ಡೆಲಿವರಿ ಚೀಟಿಗಳನ್ನು ಎತ್ತಿಕೊಂಡರು. ಹದಿನಾರು ಡಬ್ಬಗಳ ವಿಳಾಸ ಅವುಗಳಲ್ಲಿತ್ತು. ಉಳಿದ ಎಂಟು ಒಬ್ಬ ಡೀಲರಿನ ಮೂಲಕ ಹೋಗಿದ್ದವು. ಆ ಪಟ್ಟಿ ಮಾಲೀಕರ ಬೀರುವಿನಲ್ಲಿತ್ತು.

"ಲ್ಯಾಪ್‌ಟಾಪ್ ತಗೋ. ಕೇಬಲ್ ತಗೋ. ಹದಿನಾರಾದ್ರೂ ಮುಗಿಸ್ಬಿಡೋಣ" ಎಂದರು.

ನಾಲ್ಕು ದಿನ ತಿರುಗಿದೆವು. ಆಟೋದಲ್ಲಿ, ಬಸ್ಸಿನಲ್ಲಿ. ಶಿವಾಜಿನಗರದ ಒಂದು ಮೀನಿನ ಗೋದಾಮಿಗೆ, ಇಂದಿರಾನಗರದ ಹಿಂದಿನ ಐಸ್‌ಕ್ರೀಮ್ ಗೋದಾಮಿಗೆ, ಹೊಸಕೋಟೆ ರಸ್ತೆಯ ತರಕಾರಿ ಕೋಲ್ಡ್ ಸ್ಟೋರೇಜುಗಳಿಗೆ. ಪ್ರತಿ ಕಡೆಯೂ ಡಬ್ಬ ಬಿಚ್ಚಿ, ಸರಿಪಡಿಸಿದ ಲಿನಕ್ಸ್ ಹಾಕಿ, ಆ ಒಂದು ಸಾಲು ಬರುವವರೆಗೆ ಕಾದು, ಮುಚ್ಚಿ ಮುಂದಕ್ಕೆ ಹೋಗುತ್ತಿದ್ದೆವು. ಹದಿನೈದು ಡಬ್ಬಗಳೂ ಬದುಕಿದ್ದವು. ನನಗೆ ಧೈರ್ಯ ಬರತೊಡಗಿತ್ತು. ಆಪಾ ಮಾತ್ರ ಪ್ರತಿ ಗೇಟಿನಲ್ಲೂ ಒಳಗೆ ಹೋಗುವ ಮೊದಲು ನಿಂತು ಗಾಳಿ ಮೂಸುತ್ತಿದ್ದರು.

ಹದಿನಾರನೆಯದು ಕೆ.ಆರ್. ಪುರದ ಆಚೆ. ತೂಗುಸೇತುವೆ ದಾಟಿ, ಬಸ್ಸಿಳಿದು, ಲಾರಿಗಳ ನಡುವೆ ನಡೆದು ಹೋದಾಗ ಹನ್ನೊಂದು ಗಂಟೆಯ ಬಿಸಿಲು. ಕಾಂಪೌಂಡಿನ ಪಕ್ಕ ಒಂದು ಹೊಂಗೆ ಮರವಿತ್ತು. ರಸ್ತೆಯ ಕಡೆ ಹಸಿರಾಗಿತ್ತು. ಗೋಡೆಯ ಕಡೆಗಿದ್ದ ಎಲೆಗಳೆಲ್ಲ ಕಂದಿ ಸುರುಟಿದ್ದವು. ಆಪಾ ಆ ಮರದ ಕೆಳಗೆ ನಿಂತು ಮೇಲೆ ನೋಡಿದರು.

"ಎಷ್ಟು ದಿನದಿಂದ ಹೀಗಿದೆ?" ಎಂದು ಗೇಟು ತೆಗೆದ ಆಪರೇಟರನ್ನು ಕೇಳಿದರು. ಐವತ್ತು ದಾಟಿದ, ಮೆತ್ತಗಿನ ಮಾತಿನ ಮನುಷ್ಯ, ಹೆಗಲಲ್ಲಿ ಟವೆಲ್ಲು.

"ಮೂರ್ನಾಲ್ಕು ದಿನ ಆಯ್ತು ಮೇಡಂ. ಬಿಸ್ಲು ಜಾಸ್ತಿ ಅಲ್ವಾ."

"ವಾಸನೆ ಬರ್ತಾ ಇಲ್ವಾ ನಿಮಗೆ?"

"ಅದು ಇದ್ದೇ ಇರುತ್ತೆ. ನಮಗೆ ಅಭ್ಯಾಸ. ಜಾಸ್ತಿ ಆದ್ರೆ ನಿಮ್ ಡಬ್ಬನೇ ಬಡ್ಕೊಳ್ಳುತ್ತಲ್ಲ. ನೋಡಿ, ಹಸಿರು ಇದ್ಯಲ್ಲ." ಕಂಪ್ರೆಸರ್ ಕೋಣೆಯ ಬಾಗಿಲ ಪಕ್ಕದ ಡಬ್ಬವನ್ನು ಅವರು ಹೆಮ್ಮೆಯಿಂದಲೇ ತೋರಿಸಿದರು. ದೀಪ ಉರಿಯುತ್ತಿತ್ತು. ಪರದೆಯ ಮೇಲೆ ನಮ್ಮ ಲೋಗೋ ಇತ್ತು.

ನಾನು ಡಬ್ಬ ಬಿಚ್ಚಿ ಮೂರು ತಂತಿ ಜೋಡಿಸಿದೆ. ಕೀಲಿ ಒತ್ತಿದೆ. ಏನೂ ಇಲ್ಲ. ತಂತಿ ತಿರುಗಿಸಿ ಮತ್ತೆ ಒತ್ತಿದೆ. ಲ್ಯಾಪ್‌ಟಾಪಿನ ಪರದೆ ಕಪ್ಪಾಗಿಯೇ ಇತ್ತು. ನನ್ನ ಕಣ್ಣು ಉರಿಯಲು ಶುರುವಾಗಿತ್ತು. ಅದು ಗಾಳಿಗೋ ಭಯಕ್ಕೋ ತಿಳಿಯಲಿಲ್ಲ.

"ಆಪಾ, ಇದು ಸತ್ತಿದೆ."

ಆಪಾ ದುಪಟ್ಟಾವನ್ನು ಬಾಟಲಿಯ ನೀರಿನಲ್ಲಿ ನೆನೆಸುತ್ತಲೇ ಹೇಳಿದರು, "ಎಲ್ರನ್ನೂ ಆಚೆ ಕಳ್ಸಿ. ಈಗಲೇ." ಪ್ಯಾಕಿಂಗ್ ಕೋಣೆಯಲ್ಲಿ ಆರೇಳು ಹೆಂಗಸರಿದ್ದರು. ಆಪಾ ಅವರನ್ನು ದಖ್ಖನಿ, ತಮಿಳು, ಕನ್ನಡ ಎಲ್ಲದರಲ್ಲೂ ಕೂಗಿ ಗೇಟಿನ ಆಚೆಗೆ ಅಟ್ಟಿದರು. ಆಪರೇಟರಿಗೆ ಮಾತ್ರ ನಂಬಿಕೆ ಬರಲಿಲ್ಲ. "ಹಸಿರಿದ್ಯಲ್ಲಾ ಮೇಡಂ, ಅಷ್ಟೇನಿರಲ್ಲ. ಒಂದು ವಾಲ್ವ್ ತಿರುವಿ ಬಂದ್ಬಿಡ್ತೀನಿ" ಎಂದು ಕಂಪ್ರೆಸರ್ ಕೋಣೆಯೊಳಗೆ ಹೋದರು.

"ನಕ್ಕೋ ಭಾಯ್, ಬೇಡ!" ಎಂದು ಆಪಾ ಕೂಗಿದ್ದು ಅವರಿಗೆ ಕೇಳಿತೋ ಇಲ್ಲವೋ. ಒಳಗಿನಿಂದ ದೊಡ್ಡ ಸದ್ದೇನೂ ಬರಲಿಲ್ಲ. ಕುಕ್ಕರಿನ ವಿಸಲ್ಲಿನಂಥ ಒಂದು ಸಣ್ಣ ಸೀಟಿ. ಬಾಗಿಲಿನಿಂದ ಬಿಳಿ ಮಂಜು ನೆಲದ ಮೇಲೆ ಹರಿದುಬಂತು. ನಾನು ಓಡಿದೆ. ಗೇಟಿನವರೆಗೆ ಓಡಿ ತಿರುಗಿ ನೋಡಿದಾಗ ಆಪಾ ನನ್ನ ಹಿಂದೆ ಇರಲಿಲ್ಲ. ಒದ್ದೆ ದುಪಟ್ಟಾ ಮುಖಕ್ಕೆ ಕಟ್ಟಿಕೊಂಡು ಅವರು ಆ ಬಾಗಿಲೊಳಗೆ ಹೋಗುತ್ತಿದ್ದರು.

ಎಷ್ಟು ಹೊತ್ತಾಯಿತೋ. ಆಪರೇಟರ ಎರಡೂ ತೋಳು ಹಿಡಿದು ಹಿಮ್ಮುಖವಾಗಿ ಎಳೆದುಕೊಂಡು ಅವರು ಬಾಗಿಲವರೆಗೆ ಬಂದರು. ಅಲ್ಲಿಂದ ನಾನೂ ಇಬ್ಬರು ಹೆಂಗಸರೂ ಎಳೆದೆವು. ಆಂಬುಲೆನ್ಸ್ ಬರುವ ಹೊತ್ತಿಗೆ ಆಪರೇಟರ ಉಸಿರು ನಿಂತಿತ್ತು. ನಮ್ಮ ಡಬ್ಬ ಕೊನೆಯವರೆಗೂ ಸದ್ದು ಮಾಡಲಿಲ್ಲ.

ಆಪಾ ಉಳಿದರು. ಆದರೆ ಶ್ವಾಸಕೋಶ ಸುಟ್ಟಿತ್ತು. ಒಂದೂವರೆ ತಿಂಗಳು ಆಸ್ಪತ್ರೆ, ಆಮೇಲೆ ಲಿಂಗರಾಜಪುರದ ಮನೆಯಲ್ಲಿ ಆಮ್ಲಜನಕದ ಯಂತ್ರದ ಪಕ್ಕ ಹಾಸಿಗೆ. ಒಂದು ವಾಕ್ಯ ಹೇಳಲು ಮೂರು ಸಲ ಉಸಿರೆಳೆಯಬೇಕಾಗುತ್ತಿತ್ತು.

ತನಿಖೆ ನಡೆಯಿತು. ಪೈಪು ಹಳೆಯದು ಎಂದು ಎಲ್ಲರಿಗೂ ಗೊತ್ತಾಯಿತು. ಅದು ನಿಜವೇ. ಮಾಲೀಕರು ನಮ್ಮನ್ನೆಲ್ಲ ಕರೆದು, "ಸೋರಿದ್ದು ಅವರ ಪೈಪು. ನಮ್ ಡಬ್ಬದ ವಿಷ್ಯ ಯಾರೂ ಎತ್ಬೇಡಿ. ಉಳಿದಿದ್ದನ್ನ ಈಗ ಮುಟ್ಟಿದ್ರೆ ನಾವೇ ತಪ್ಪು ಒಪ್ಕೊಂಡ ಹಾಗೆ" ಎಂದರು. ಎಂಟು ಡಬ್ಬಗಳು ಎಲ್ಲೆಲ್ಲಿಯೋ ಗೋಡೆಗಳ ಮೇಲೆ ಹಸಿರು ದೀಪ ಉರಿಸುತ್ತ ಕುಳಿತಿದ್ದವು. ನಾನು ಸುಮ್ಮನಿದ್ದೆ. ಹೇಳಿಕೆ ಕೊಡಲು ಕರೆದಾಗ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಬಂದೆ.

ಪ್ರತಿ ಭಾನುವಾರ ಆಪಾರನ್ನು ನೋಡಲು ಹೋಗುತ್ತಿದ್ದೆ. ಹೋದ ಕೂಡಲೇ ಅವರು ಕೇಳುತ್ತಿದ್ದುದು ಒಂದೇ. "ಹೇಳಿದ್ಯಾ?"

"ಇಲ್ಲ ಆಪಾ."

ತಮ್ಮ ಪಾಲಿನದನ್ನು ಅವರು ಹೇಳಿಯಾಗಿತ್ತು. ತನಿಖೆಯ ಅಧಿಕಾರಿ ಅವರ ಮನೆಗೂ ಬಂದಿದ್ದರು. ಗಡಿಯಾರದ ವಿಷಯ, ಎಂಟು ಡಬ್ಬಗಳ ವಿಷಯ ಆಪಾ ಬರೆದುಕೊಟ್ಟಿದ್ದರಂತೆ. ಆದರೆ ರೋಗಿಷ್ಠ ಮುದುಕಿ ಊಹೆಯಿಂದ ಬರೆದಿದ್ದಾರೆ, ಅವರು ಆಗ ರಜೆಯಲ್ಲಿದ್ದರು ಎಂದು ಮಾಲೀಕರ ಕಡೆಯವರು ಅದನ್ನು ತಳ್ಳಿಹಾಕಿದ್ದರು. ಬರೆಸಿದವಳು ನಾನು, ನೋಡಿದವಳು ನಾನು. "ಅದನ್ನ ಯಾರು ಮಾಡಿದ್ದು ಅಂತ ನನ್ನ ಕೇಳಿದ್ರು. ಅವಳೇ ಬಂದು ಹೇಳ್ತಾಳೆ ಅಂದಿದ್ದೀನಿ" ಎಂದರು ಆಪಾ ಒಂದು ದಿನ. ಆಮೇಲಿನ ಭಾನುವಾರಗಳಲ್ಲಿ ಅವರು ಆ ಪ್ರಶ್ನೆ ಕೇಳುವುದನ್ನು ಬಿಟ್ಟರು. ನನ್ನ ಕಡೆ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವರ ತಂಗಿ ಟೀ ತಂದಿಟ್ಟು, ನಾನು ಕುಡಿಯುವವರೆಗೂ ನನ್ನ ಮುಖ ನೋಡದೆ ನಿಲ್ಲುತ್ತಿದ್ದರು.

ಐದು ತಿಂಗಳಾದ ಮೇಲೆ ಹೋಗಿ ಹೇಳಿದೆ. ಧೈರ್ಯ ಬಂದು ಹೇಳಿದ್ದಲ್ಲ. ಹೊರವಲಯದ ಒಂದು ಐಸ್ ಫ್ಯಾಕ್ಟರಿಯಲ್ಲಿ ಯಾರಿಗೋ ಉಸಿರುಗಟ್ಟಿತು ಎಂದು ಮೆಟ್ರೋದಲ್ಲಿ ಯಾರೋ ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು. ಅದು ನಮ್ಮ ಡಬ್ಬವಿದ್ದ ಜಾಗವಲ್ಲ ಎಂದು ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ನಾನು ಅಧಿಕಾರಿಯ ಮುಂದೆ ಕುಳಿತು, ಕಾಣದಾದ ಸಾಲು, ನಾನು ಸೇರಿಸಿದ ಪದ, ಇಪ್ಪತ್ತನಾಲ್ಕು ಬೋರ್ಡು, ಬೀರುವಿನಲ್ಲಿದ್ದ ಪಟ್ಟಿ, ಎಲ್ಲವನ್ನೂ ಬರೆದು ಸಹಿ ಹಾಕಿಯಾಗಿತ್ತು. ಕೆಲಸ ಹೋಯಿತು. ಆಪರೇಟರ ಮನೆಗೂ ಹೋಗಿ ಹೇಳಿದೆ. ಅವರ ಹೆಂಡತಿ ಕೂಗಾಡಲಿಲ್ಲ. "ಐದು ತಿಂಗ್ಳು ಯಾಕಮ್ಮಾ?" ಎಂದು ಕೇಳಿದರು.

ಅಲ್ಲಿಂದ ನೇರ ಲಿಂಗರಾಜಪುರಕ್ಕೆ ಹೋದೆ. "ಹೇಳ್ದೆ ಆಪಾ" ಎಂದೆ.

ಆಪಾ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ, ಉಸಿರು ಕೂಡಿಸಿಕೊಂಡು, "ಎಂಟರದ್ದೂ ಅಡ್ರೆಸ್ ತಗೊಂಡ್ರಾ?" ಎಂದರು.

ಅಧಿಕಾರಿಗಳು ಮಾಲೀಕರ ಬೀರು ತೆರೆಸಿದರು. ಪಟ್ಟಿ ಸಿಕ್ಕಿತು. ಏಳು ಡಬ್ಬಗಳು ಸಿಕ್ಕವು. ಅವುಗಳಲ್ಲಿ ಎರಡು ಒಳಗೇ ನಿಂತುಹೋಗಿದ್ದವು. ಒಂದರ ಕೆಳಗೆ ದಿನವೂ ಹನ್ನೆರಡು ಜನ ಕೆಲಸ ಮಾಡುತ್ತಿದ್ದರು. ಎಂಟನೆಯದನ್ನು ಆ ಡೀಲರ್ ಯಾರಿಗೋ ಕೈಯಿಂದ ಕೈಗೆ ದಾಟಿಸಿ ಅಂಗಡಿ ಮುಚ್ಚಿಕೊಂಡು ಹೋಗಿದ್ದ. ಅಧಿಕಾರಿಗಳು ಪತ್ರ ಬರೆದರು, ಕೆಲವು ಕಡೆ ವಿಚಾರಿಸಿದರು. ಪ್ರತಿ ಭಾನುವಾರ ನಾನು ಆಪಾಗೆ ಸಿಕ್ಕವುಗಳ ವಿಷಯ ಹೇಳುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ಇನ್ನೊಂದು?" ಎನ್ನುತ್ತಿದ್ದರು.

ಅವರು ಹೋದದ್ದು ಒಂದು ಮಂಗಳವಾರ ಮಧ್ಯಾಹ್ನ. ಹಿಂದಿನ ಭಾನುವಾರವೂ ಅದನ್ನೇ ಕೇಳಿದ್ದರು. ಮೂರನೆಯ ದಿನದ ಪ್ರಾರ್ಥನೆಗೆ ಹೋದಾಗ ಅವರ ತಂಗಿ ಮೊದಲ ಸಲ ನನ್ನ ಪಕ್ಕ ಬಂದು ಕುಳಿತರು. "ನೀನು ಹೇಳಿದ ದಿನ ಅಕ್ಕ ಹೊಟ್ಟೆ ತುಂಬಾ ಊಟ ಮಾಡಿದ್ರು. ಆಸ್ಪತ್ರೆಯಿಂದ ಬಂದ ಮೇಲೆ ಹಾಗೆ ಉಂಡಿದ್ದು ಅದೊಂದೇ ದಿನ" ಎಂದರು.

ಈಗ ನಾನು ಬೇರೆ ಕಡೆ ಕೆಲಸ ಮಾಡುತ್ತೇನೆ. ಶನಿವಾರ ರಜೆ. ಐಸ್ ಫ್ಯಾಕ್ಟರಿ, ಕೋಲ್ಡ್ ಸ್ಟೋರೇಜು, ಹಾಲಿನ ಘಟಕ, ಎಲ್ಲಿ ಅಮೋನಿಯಾ ಇದೆಯೆಂದು ತಿಳಿಯುತ್ತದೋ ಅಲ್ಲಿಗೆ ಹೋಗಿ ಗೇಟಿನಲ್ಲಿ ನಿಂತು, ಡಬ್ಬದ ಫೋಟೋ ತೋರಿಸಿ ಕೇಳುತ್ತೇನೆ. ಹೆಚ್ಚಿನವರು ಮಾರಾಟಕ್ಕೆ ಬಂದವಳೆಂದು ತಿಳಿದು ವಾಪಸು ಕಳಿಸುತ್ತಾರೆ. ಮಾಲೂರಿನ ಕಡೆ ಒಬ್ಬರು ಹಳೆಯ ಸಾಮಾನು ಕೊಂಡು ಹೊಸದಾಗಿ ಐಸ್ ಫ್ಯಾಕ್ಟರಿ ಶುರುಮಾಡಿದ್ದಾರಂತೆ. ಫೋನ್ ಮಾಡಿದ್ದೆ. "ಅಂಥದ್ದೊಂದು ಇದೆ ಅನ್ಸುತ್ತೆ, ಚೆನ್ನಾಗೇ ನಡೀತಿದೆ" ಎಂದರು. ಮುಟ್ಟಬೇಡಿ, ಅದನ್ನು ನಂಬಬೇಡಿ, ವಾಸನೆ ಬಂದರೆ ಎಲ್ಲರೂ ಆಚೆ ಬನ್ನಿ ಎಂದು ಮೂರು ಸಲ ಹೇಳಿದ್ದೇನೆ. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ.